ಲಾಳಿಯಿಲ್ಲದ ಸದ್ದು

ಮಾರಂಡಹಳ್ಳಿ ಕಡೆಯ ಕುರಿಹಟ್ಟಿಯೊಂದರಿಂದ ಐದು ನಾಯಿಮರಿಗಳು ಬಂದಿದ್ದವು. ತಾಯಿ ಲಾರಿಗೆ ಸಿಕ್ಕಿ ಸತ್ತಿತ್ತು. ಕುರಿ ಕಾಯುವವರು ಮರಿಗಳನ್ನು ಕಂಬಳಿಯಲ್ಲಿ ಸುತ್ತಿ ತಂದು ನಮ್ಮ ಕೇಂದ್ರದ ಜಗಲಿಯ ಮೇಲೆ ಇಳಿಸಿದರು. "ಒಂದಕ್ಕೂ ಸುಮ್ನೆ ಕುಂತ್ಕೊಳ್ಳೋ ಬುದ್ಧಿ ಇಲ್ಲಮ್ಮ. ಏನಾದ್ರೂ ನಿಂತಿದ್ರೆ ಅದನ್ನ ಓಡಿಸ್ಬೇಕು ಇವಕ್ಕೆ," ಅಂತ ಹೇಳಿ ಹೋದರು. ಆ ಮಾತನ್ನು ನಾನು ಫಾರಂನಲ್ಲಿ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಬೇಕಿತ್ತು.

ಸೇಲಂ ಊರಾಚೆಯ ಪ್ರಾಣಿ ಆರೈಕೆ ಕೇಂದ್ರವೊಂದರಲ್ಲಿ ದಿಕ್ಕಿಲ್ಲದ ಮರಿಗಳಿಗೆ ಮನೆ ಹುಡುಕುವುದು ನನ್ನ ಕೆಲಸ. ನಾನು ಡಾಕ್ಟರಲ್ಲ. ಡಾಕ್ಟರ ಕೈಕೆಳಗೆ ಸೂಜಿ, ಬ್ಯಾಂಡೇಜು, ಕಾಗದಪತ್ರ ನೋಡಿಕೊಳ್ಳುವವಳು. ಬೀದಿಯವರು ಮಾತ್ರ ಡಾಕ್ಟ್ರಮ್ಮ ಅನ್ನುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ಮರಿ ಕೊಡಲು ನಮ್ಮಲ್ಲಿ ಮೂರು ನಿಯಮ. ಕೊಡುವ ಮುಂಚೆ ಮನೆ ನೋಡಿ ಬರಬೇಕು. ಅರವತ್ತು ದಾಟಿದವರಿಗೆ ಮರಿ ಕೊಡಬಾರದು, ಬೇಕಾದರೆ ವಯಸ್ಸಾದ ನಾಯಿ ಕೊಡಬಹುದು. ಮತ್ತು ಫಾರಂನಲ್ಲಿ ಎರಡನೇ ಹೆಸರು ಇರಲೇಬೇಕು, ಅಂದರೆ ಸಾಕುವವರಿಗೆ ಏನಾದರೂ ಆದರೆ ನಾಯಿಯನ್ನು ನೋಡಿಕೊಳ್ಳುವವರದು.

ವಯಸ್ಸಿನ ನಿಯಮಕ್ಕೆ ಎಲ್ಲರಿಗಿಂತ ಹೆಚ್ಚು ಅಂಟಿಕೊಂಡಿದ್ದವಳು ನಾನೇ. ಒಂದು ಸಲ, ಮೂರು ದಿನದಿಂದ ಬಾಗಿಲು ಮುಚ್ಚಿದ್ದ ಮನೆಯಿಂದ ಒಂದು ಎಳೆಯ ನಾಯಿಯನ್ನು ಹೊರತಂದಿದ್ದೆ. ಮಂಚದ ಮೇಲೆ ವಯಸ್ಸಾದ ಯಜಮಾನರ ಹೆಣ, ಅದರ ತೋಳಿನ ಕೆಳಗೆ ತಲೆಯಿಟ್ಟು ನಾಯಿ. ನನ್ನನ್ನು ನೋಡಿ ಬಾಲ ಆಡಿಸಿತು. ಆ ಬಾಲ ಹಾಸಿಗೆಗೆ ಬಡಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಮರಿ ಕೇಳಿಕೊಂಡು ಅಜ್ಜಿಯೊಬ್ಬರು ಬಂದದ್ದು ಒಂದು ಮಂಗಳವಾರ, ಬಸ್ಸಿಳಿದು ನಡೆದುಕೊಂಡು. ಎಪ್ಪತ್ತೆರಡು ವರ್ಷ, ಒಬ್ಬರೇ ಕುಣಿಮಗ್ಗದಲ್ಲಿ ನೇಯುತ್ತಿದ್ದರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಸಿ ಕೂತು ನೇಯುವ ಹಳೆಯ ಮಗ್ಗ ಅದು. ನಾನೂ ಅಂಥ ಮನೆಯಲ್ಲೇ ಹುಟ್ಟಿದವಳು. ಅವರು ಬಾಯಿ ತೆರೆದ ಕೂಡಲೇ, ಆ ಕನ್ನಡದಿಂದಲೇ, ನಮ್ಮ ನೇಕಾರ ಜನ ಅಂತ ಗೊತ್ತಾಯಿತು. ಐದು ಮರಿಗಳಲ್ಲಿ ದಪ್ಪ ಕಾಲಿನ ಕರಿಯದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ಅವ್ವ, ನಿಮಗೆ ಮರಿ ಕೊಡಕ್ಕಾಗಲ್ಲ. ದೊಡ್ಡ ನಾಯಿ ಇದೆ, ಸಾಧು. ಹತ್ತು ವರ್ಷದ್ದು."

"ನನ್ ಮಂಡಿಗೆ ಎಣ್ಣೆ ಅಚ್ಕೊಳ್ಳೋದೇ ಸಾಕಾಗೈತೆ. ಅದ್ರ ಮಂಡಿಗೂ ಅಚ್ತಾ ಕುಂತ್ಕೊಳ್ಳಾ?"

"ಇದು ಹದಿನಾಲ್ಕು ವರ್ಷ ಬದುಕುತ್ತೆ. ಆಗ ನಿಮಗೆಷ್ಟು?"

ಅಜ್ಜಿ ಲೆಕ್ಕ ಹಾಕಲಿಲ್ಲ. ಮರಿಯ ಕಿವಿ ಮಡಿಸಿ ಬಿಡಿಸುತ್ತಾ, "ಪಾವು ಏರ್ಸೋವಾಗ ಯಾರಾದ್ರೂ ಕೇಳ್ತಾರಾ, ಮುಗಿಸ್ತೀಯಾ ಅಂತ? ನಾನು ಓಗ್ಬುಟ್ರೆ ಮಿಕ್ಕಿದ್ದನ್ನ ಇನ್ನೊಬ್ರು ನೇಯ್ತಾರೆ. ಪಾವನ್ನ ಯಾರೂ ಅರ್ಧಕ್ಕೆ ಕುಯ್ಯಲ್ಲ," ಅಂದರು.

ಪಾವು ಅಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳು, ಹಾಸು. ನೇಕಾರರು ನಡುವೆ ತೀರಿಕೊಂಡರೆ ಆ ಹಾಸನ್ನು ಬಂಧುಗಳೋ ಪಕ್ಕದವರೋ ಕೂತು ಮುಗಿಸುವುದು ನಮ್ಮ ಬೀದಿಗಳ ಕಟ್ಟಳೆ. ನನ್ನಜ್ಜಿಯ ಕೊನೆಯ ಸೀರೆಯನ್ನು ಎದುರುಮನೆಯವರು ನೇಯ್ದದ್ದು ನನಗೆ ನೆನಪಿದೆ. ವಯಸ್ಸಿನ ಮಾತು ಬಿಟ್ಟು ಫಾರಂ ತೆಗೆದೆ. ಎರಡನೇ ಹೆಸರು ಯಾರದು ಅಂತ ಕೇಳಿದೆ. ಗಂಡನ ಹೆಸರು ಹೇಳಿದರು.

"ಅವರು ಮನೇಲೇ ಇರ್ತಾರಾ?"

"ಮನೇಲೇ ಅವ್ರೆ. ಎಲ್ಲೂ ಓಗಲ್ಲ."

ಬರೆದುಕೊಂಡೆ. ನಮ್ಮವರ ಮನೆ, ಅದರಲ್ಲಿ ನೋಡುವುದೇನಿದೆ ಅಂತ ಮನೆ ನೋಡಲೂ ಹೋಗಲಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ ನಾನು. ಡಾಕ್ಟರು ಗೊಣಗಿಕೊಂಡೇ ರುಜು ಹಾಕಿದರು. ಮೊದಲ ಸೂಜಿ ಚುಚ್ಚಿ ಮರಿಯನ್ನು ಅಜ್ಜಿಯ ಚೀಲಕ್ಕೆ ಇಳಿಸಿದೆ. ಉರುಟಾಗಿದೆ ಅಂತ ಅಲ್ಲೇ ಅದಕ್ಕೆ ಉಂಡೆ ಅಂತ ಹೆಸರಿಟ್ಟರು.

ಎರಡು ತಿಂಗಳಿಗೆ ಮರಿ ನೋಡಲು ಹೋದೆ. ಮಟಮಟ ಮಧ್ಯಾಹ್ನ. ಬೀದಿಯ ಎರಡೂ ಕಡೆ ಪವರ್‌ಲೂಮುಗಳ ಅಬ್ಬರ, ಎದುರಿಗೆ ನಿಂತು ಕೂಗಿದರೂ ಕೇಳದಷ್ಟು. ಅಷ್ಟುದ್ದ ಬೀದಿಯಲ್ಲಿ ಕೈಮಗ್ಗ ಉಳಿದಿದ್ದದ್ದು ಅಜ್ಜಿಯ ಮನೆಯಲ್ಲಿ ಮಾತ್ರ. ಬಾಗಿಲು ತೆರೆದಿತ್ತು. ಮಗ್ಗ ಆಡುತ್ತಿತ್ತು. ಬಿಳಿಯ ಎಳೆಗಳ ಅರ್ಧ ಮೇಲೆ ಏಳುತ್ತಿತ್ತು, ಇನ್ನರ್ಧ ಕೆಳಗೆ ಇಳಿಯುತ್ತಿತ್ತು, ಮತ್ತೆ ಅದಲುಬದಲು. ಕೂರುವ ಹಲಗೆಯ ಮೇಲೆ ಯಾರೂ ಇರಲಿಲ್ಲ.

ಹೊಸ್ತಿಲಲ್ಲೇ ನಿಂತೆ. ಹಲಗೆಯ ನೇರಕ್ಕೆ ಗೋಡೆಯ ಮೇಲೆ ಒಂದು ಫೋಟೋ ಇತ್ತು, ಹಾರ ಹಾಕಿದ್ದು. ಕೆಳಗೆ ಬರೆದಿದ್ದ ಹೆಸರು ನನ್ನ ಚೀಲದೊಳಗಿನ ಫಾರಂನಲ್ಲೂ ಇತ್ತು. ಎಳೆಗಳು ಏಳುತ್ತಲೇ ಇದ್ದವು. ವಾಪಸ್ ಗಾಡಿಯ ಕಡೆ ಒಂದು ಹೆಜ್ಜೆ ಇಟ್ಟೆ, ಸುಳ್ಳು ಹೇಳುವುದಿಲ್ಲ.

ಹಿತ್ತಲಿಂದ ಅಜ್ಜಿ ಕೊಡ ಹೊತ್ತು ಬಂದರು. "ಬಾಮ್ಮ. ಯಾಕಂಗೆ ನಿಂತ್ಬುಟ್ಟೆ?"

"ಯಾರು ನೇಯ್ತಾ ಇರೋದು?"

"ಅವ್ರೇ," ಅಂದರು. ನನ್ನ ಮುಖ ನೋಡಿ ನಗು ತಡೆಯಲಾಗಲಿಲ್ಲ ಅವರಿಗೆ. "ಲೇ ಉಂಡೆ, ಮೇಲಕ್ಕೆ ಬಾ."

ಮಗ್ಗ ನಿಂತಿತು. ಕುಣಿಯಿಂದ ಎರಡು ಕರಿಯ ಕಿವಿಗಳು ಎದ್ದವು.

ಅಜ್ಜಿ ನೇಯುವಾಗ ಮರಿ ಕುಣಿಯೊಳಗೆ ಅವರ ಪಾದದ ಪಕ್ಕವೇ ಮಲಗುತ್ತಿತ್ತಂತೆ. ಕಾಲಲ್ಲಿ ತುಳಿಯುವ ಎರಡು ಹಲಗೆಗಳು ಇರುವುದೂ ಅಲ್ಲೇ. ಅಜ್ಜಿ ಎದ್ದು ಹೋದರೆ ಅದು ಸಹಿಸದು. ನಿಂತದ್ದನ್ನು ಓಡಿಸುವ ಜಾತಿ. ಮುಂಗಾಲಿಟ್ಟು ಒಂದಾದ ಮೇಲೊಂದು ಹಲಗೆ ತುಳಿಯುತ್ತದೆ, ಅಜ್ಜಿ ಬರುವ ತನಕ.

ನನಗೆ ಬಂದದ್ದು ನಗುವಲ್ಲ, ಸಿಟ್ಟು. ಫಾರಂ ತೆಗೆದು ಅವರ ಮುಂದೆ ಹಿಡಿದೆ. "ಅವ್ವ, ಇದು ಮೋಸ. ಸತ್ತವರ ಹೆಸರು ಬರೆಸಿದ್ದೀರಿ."

"ಎಳ್ಡನೇ ಎಸ್ರು ಬೇಕು ಅಂದೆ, ನಂಗಿರೋ ಎಸ್ರು ಏಳ್ದೆ."

ಒಂದು ತಿಂಗಳು ಗಡುವು ಕೊಟ್ಟೆ. ಬದುಕಿರುವ ಒಬ್ಬರ ಹೆಸರು, ಇಲ್ಲವಾದರೆ ಮರಿ ವಾಪಸ್. ಮಗ್ಗದಿಂದ ಏಳುವಾಗಲೆಲ್ಲ ತುಳಿಹಲಗೆಯ ಹಗ್ಗ ಬಿಚ್ಚಿ ಮೊಳೆಗೆ ಹಾಕಿ ಅಂತಲೂ ಹೇಳಿದೆ. ಅಜ್ಜಿ ಆಗಲಿ ಅಂದರು. ನಾನು ಹೊರಡುವಾಗ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು, "ನಾಯಿ ತುಳಿಯೋದು ಬೀದಿಯಾಗೆ ಯಾರ್ಗೂ ಏಳ್ಬೇಡ ತಾಯಿ. ನಮ್ಮ ಯಜಮಾನ್ರೇ ನೇಯ್ತಾವ್ರೆ ಅನ್ಕೊಂಡವ್ರೆ. ಬಾಗ್ಲು ತೆಗ್ದಿಟ್ಟು ರೇಷನ್‌ಗೆ ಓದ್ರೂ ಒಬ್ರೂ ಒಳಕ್ಕೆ ಬರಲ್ಲ."

ಹೊರಗೆ ಪಕ್ಕದ ಮನೆಯ ಹೆಂಗಸು ನನಗಾಗಿ ಕಾಯುತ್ತಿದ್ದಳು. ಐವತ್ತರ ಆಸುಪಾಸಿನವಳು, ಎರಡು ಪವರ್‌ಲೂಮು ಓಡಿಸುತ್ತಾಳೆ. "ಒಳಗೆ ಓಗಿದ್ರಾ? ಅವ್ರು ಸತ್ತು ಆರು ವರ್ಷ ಆಯ್ತು ಡಾಕ್ಟ್ರಮ್ಮ. ಅತ್ತೆ ಇಲ್ದಾಗ ತರಿ ತಾನೇ ಆಡ್ತೈತೆ. ನಾನೇ ಕೇಳಿವ್ನಿ," ಅಂದಳು. ತರಿ ಅಂದರೆ ತಮಿಳಿನಲ್ಲಿ ಮಗ್ಗ, ಅತ್ತೆ ಅಂದದ್ದು ಅಜ್ಜಿಯನ್ನು, ಬೀದಿಯ ವರಸೆಯಲ್ಲಿ. ಅವಳ ತೋಳಿನ ರೋಮ ನಿಂತಿತ್ತು. ಅಜ್ಜಿ ಕೇಳಿಕೊಂಡದ್ದು ನೆನಪಾಗಿ ಸುಮ್ಮನೆ ಗಾಡಿ ಹತ್ತಿದೆ. ಮನಸ್ಸಿನೊಳಗೆ ಸ್ವಲ್ಪ ತಮಾಷೆಯೂ ಅನ್ನಿಸಿತ್ತು.

ಮುಂದಿನ ಸೂಜಿಗೆ ಅಜ್ಜಿ ಉಂಡೆಯನ್ನು ಬಸ್ಸಿನಲ್ಲಿ ತಂದರು. ಮುಂಗಾಲುಗಳ ಅಡಿ ಸವೆದು ಕೆಂಪಾಗಿತ್ತು, ಬೆರಳ ಸಂದಿಯಲ್ಲಿ ನೂಲಿಗೆ ಹಾಕುವ ಗಂಜಿ ಒಣಗಿ ಅಂಟಿತ್ತು. ಮುಲಾಮು ಹಚ್ಚಿ, "ಹಗ್ಗ ಬಿಚ್ಚುತ್ತಿಲ್ಲ ಅಲ್ವಾ?" ಅಂದೆ. ಅಜ್ಜಿ ಗೋಡೆಯ ಕ್ಯಾಲೆಂಡರ್ ನೋಡಿದರು. ಎರಡನೇ ಹೆಸರು ಕೇಳಿದೆ. ಅದಕ್ಕೂ ಕ್ಯಾಲೆಂಡರೇ.

ಗಡುವು ಮುಗಿದ ಮರುದಿನ ಪಂಜರ, ಫಾರಂ ತೆಗೆದುಕೊಂಡು ಹೋದೆ. ಮರಿಯನ್ನು ಕಿತ್ತುಕೊಳ್ಳುವ ಕೆಲಸ ಯಾರಿಗೂ ಇಷ್ಟವಾಗುವುದಲ್ಲ, ಅದಕ್ಕೇ ಬೆಳಿಗ್ಗೆ ಬೇಗ ಮುಗಿಸಿಬಿಡೋಣ ಅಂದುಕೊಂಡಿದ್ದೆ. ತಿಂಗಳಿಗೊಮ್ಮೆ ಲೈನ್ ರಿಪೇರಿಗೆ ಹಗಲೆಲ್ಲ ಕರೆಂಟ್ ತೆಗೆಯುತ್ತಾರಲ್ಲ, ಅವತ್ತು ಆ ಬೀದಿಯ ಸರದಿ. ನಾನು ಗಾಡಿ ನಿಲ್ಲಿಸುವಾಗ ಒಂಬತ್ತು ದಾಟಿತ್ತು. ಪವರ್‌ಲೂಮುಗಳು ಒಟ್ಟಿಗೆ ನಿಂತಿದ್ದವು. ಆ ಬೀದಿ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಜಗಲಿಗಳ ಮೇಲೆ ಕೂತ ಜನ ಕೂಡ ದನಿ ತಗ್ಗಿಸಿ ಮಾತಾಡುತ್ತಿದ್ದರು. ಆ ಮೌನದೊಳಗೆ ಒಂದೇ ಒಂದು ಮಗ್ಗ ಆಡುತ್ತಿತ್ತು.

ಪಕ್ಕದ ಮನೆಯವಳು ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. "ನಿನ್ನೆ ಮದ್ಯಾನದಿಂದ ನೇಯ್ತಾನೇ ಅವ್ಳೆ ಅತ್ತೆ. ಅವಸರದ ಕೆಲ್ಸ ಏನೋ. ನಮ್ ಲೂಮು ಓಡ್ತಿದ್ರೂ ಅದ್ರ ಏಟು ನಡುಗೋಡೆಯಾಗೆ ಗೊತ್ತಾಗ್ತೈತೆ. ನಡುನಡುವೆ ನಿಲ್ತೈತೆ, ಮತ್ತೆ ಶುರು."

"ನೀವು ಕರೆದು ನೋಡಿದ್ರಾ?"

"ತರಿ ಆಡೋವಾಗ ಒಸ್ಲಲ್ಲಿ ನಿಂತು ಕರೀತಾರಾ? ಎಳೆ ತುಂಡಾಗಲ್ವಾ?" ಅಂದಳು. ಆಮೇಲೆ ದನಿ ತಗ್ಗಿಸಿ, "ಒಳಗೆ ಯಾರು ಕುಂತವ್ರೋ, ನಂಗ್ಯಾಕೆ?" ಅಂದಳು.

ತಪ್ಪು ಅವಳದಲ್ಲ. ನಮ್ಮ ಬೀದಿಗಳಲ್ಲಿ ಮಗ್ಗದ ಸದ್ದು ಬರುತ್ತಿದೆ ಅಂದರೆ ಒಳಗಿರುವವರು ಚೆನ್ನಾಗಿದ್ದಾರೆ ಅಂತ ಅರ್ಥ, ಅವರನ್ನು ಕರೆಯಬಾರದು. ಸದ್ದು ನಿಂತರೆ ಮಾತ್ರ ಹೋಗಿ ನೋಡಬೇಕು. ನನ್ನಜ್ಜಿಗೆ ಎದೆನೋವು ಬಂದ ದಿನ ಮಗ್ಗ ನಿಂತ ಅರೆಗಳಿಗೆಯಲ್ಲಿ ನಾಲ್ಕು ಮನೆಯವರು ನೀರು ಹಿಡಿದು ಓಡಿಬಂದಿದ್ದರು.

ಹೊಸ್ತಿಲ ಹತ್ತಿರ ಹೋಗಿ ಕಿವಿಕೊಟ್ಟೆ. ಕೈಮಗ್ಗಕ್ಕೆ ಮೂರು ಸದ್ದು. ಕಾಲು ತುಳಿದಾಗ ಹಲಗೆ ಧಪ್ ಅನ್ನುತ್ತದೆ. ಬಲಗೈ ಹಗ್ಗ ಎಳೆದಾಗ ನೂಲು ಹೊತ್ತ ಲಾಳಿ ಈ ಕಡೆಯಿಂದ ಆ ಕಡೆಗೆ ಓಡಿ ಟಕ್ ಅಂತ ಬಡಿಯುತ್ತದೆ. ಎಡಗೈ ಚೌಕಟ್ಟು ಎಳೆದು ಆ ನೂಲನ್ನು ಬಟ್ಟೆಗೆ ಒತ್ತಿದಾಗ ಮೂರನೆಯದು. ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಕೇಳಿದ ಸದ್ದು ಅದು, ಮರೆತೆನೆಂದರೂ ಮರೆಯುವಂಥದ್ದಲ್ಲ. ಧಪ್ ಕೇಳಿತು. ಲಾಳಿಗಾಗಿ ಕಾದೆ. ಮತ್ತೆ ಧಪ್. ಇಪ್ಪತ್ತು ಸಲ ಎಣಿಸಿದೆ. ಲಾಳಿ ಓಡಲೇ ಇಲ್ಲ.

ತುಳಿಯುತ್ತಿರುವುದು ನಾಯಿ. ಹಾಗಾದರೆ ಅಜ್ಜಿ ಎಲ್ಲಿ? ಬಾಗಿಲು ತಳ್ಳಿದೆ, ಒಳಗಿಂದ ಅಗಣಿ ಹಾಕಿತ್ತು. ಅಂದರೆ ಅವರು ಒಳಗೇ ಇದ್ದರು. ಮಂಚದ ಮೇಲಿನ ಆ ಹೆಣ, ಹಾಸಿಗೆಗೆ ಬಡಿದ ಬಾಲ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಪೊಲೀಸರನ್ನು ಕರೆದು ಕಾಯೋಣವೇ ಅಂತಲೂ ಯೋಚಿಸಿದೆ. ಆಮೇಲೆ ಕಟ್ಟಳೆ ಮುರಿದು ಹೊಸ್ತಿಲಲ್ಲೇ ನಿಂತು ಗಟ್ಟಿಯಾಗಿ ಕರೆದೆ, "ಅವ್ವಾ."

ಮಗ್ಗ ನಿಂತಿತು. ಪಕ್ಕದವಳ ಕೈಯಿಂದ ಸೊಪ್ಪು ಕೆಳಗೆ ಬಿತ್ತು. ಒಂದು ಉಸಿರಿನಷ್ಟು ಹೊತ್ತು ಇಡೀ ಬೀದಿ ಸುಮ್ಮನಾಯಿತು. ಮತ್ತೆ ಶುರುವಾಯಿತು ಮಗ್ಗ, ಮೊದಲಿಗಿಂತ ಜೋರಾಗಿ.

ಹಿತ್ತಲ ಗೋಡೆ ಹತ್ತಿ ಇಳಿದೆವು, ನಾನು ಮುಂದೆ, ಅವಳು ನನ್ನ ಸೆರಗು ಹಿಡಿದು ಹಿಂದೆ. ಕೂರುವ ಹಲಗೆಗೂ ಗೋಡೆಗೂ ನಡುವೆ ಅಜ್ಜಿ ಬಿದ್ದಿದ್ದರು. ಒಂದು ಕಾಲು ಕುಣಿಯೊಳಗೆ ಇಳಿಬಿದ್ದಿತ್ತು, ಪಾದ ಹೊರಕ್ಕೆ ತಿರುಗಿತ್ತು. ಕಣ್ಣು ತೆರೆದಿತ್ತು. ಉಂಡೆ ನಮ್ಮ ಕಡೆ ತಿರುಗಲೂ ಇಲ್ಲ. ಅಜ್ಜಿಯ ಮುಖ ನೋಡುತ್ತಾ ತುಳಿಯುತ್ತಿತ್ತು, ಒಂದು ಹಲಗೆ, ಇನ್ನೊಂದು ಹಲಗೆ. ಎರಡೂ ಹಲಗೆ ರಕ್ತದಿಂದ ಜಾರುತ್ತಿದ್ದವು. ಮೇಲೆ ಬಿಳಿಯ ಎಳೆಗಳು ಏಳುತ್ತಾ ಇಳಿಯುತ್ತಾ ಇದ್ದವು, ಒಂದು ನೂಲೂ ಅವುಗಳನ್ನು ಅಡ್ಡ ಹಾಯ್ದಿರಲಿಲ್ಲ.

ನಾಯಿಯನ್ನು ಎತ್ತಿ ಎದೆಗೆ ಒತ್ತಿಕೊಂಡೆ. ನನ್ನ ತೋಳಲ್ಲೂ ಅದರ ಕಾಲು ಆಡುತ್ತಲೇ ಇತ್ತು.

"ನಿಲ್ತಾ?" ಅಂದರು ಅಜ್ಜಿ. ದನಿಯೇ ಇರಲಿಲ್ಲ, ಬರೀ ಗಾಳಿ. ಪಕ್ಕದವಳು ತೊಟ್ಟು ತೊಟ್ಟಾಗಿ ನೀರು ಬಿಟ್ಟ ಮೇಲೆ ಅವಳನ್ನೇ ನೋಡುತ್ತಾ ಹೇಳಿದರು, "ನಿನ್ನೆಯಿಂದ ಏಳ್ತಾ ಇವ್ನಿ, ನಿಲ್ಸೋ ಉಂಡೆ, ನಿಲ್ಸೋ ಅಂತ. ನಿಲ್ಸಿದ್ರೆ ಇವ್ಳು ಬಂದಿರೋಳು. ನಾನು ಮಾತಾಡ್ದಷ್ಟೂ ತುಳೀತು."

ಆ ಮಾತು ಕೇಳಿ ಪಕ್ಕದವಳು ನೆಲಕ್ಕೆ ಕುಸಿದಳು. ರಾತ್ರಿಯೆಲ್ಲ ಅಜ್ಜಿ ಕೂಗಿದ್ದರು, ಆದರೆ ಗೋಡೆಯ ಆಚೆ ಅವಳದೇ ಪವರ್‌ಲೂಮು ಓಡುತ್ತಿತ್ತು. ಬೆಳಿಗ್ಗೆ ಅದು ನಿಲ್ಲುವ ಹೊತ್ತಿಗೆ ಇವರ ಗಂಟಲು ಹೋಗಿತ್ತು.

ಸೊಂಟದ ಮೂಳೆ ಮುರಿದಿದೆ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಆಂಬುಲೆನ್ಸ್ ಬರುವ ತನಕ ಅಲುಗಿಸಬಾರದು. ಎರಡು ಕಾಲಿನ ನಡುವೆ ಮಡಿಸಿದ ಕಂಬಳಿ ಇಟ್ಟು, ಮುರಿದ ಕಾಲನ್ನು ಒಳ್ಳೆಯ ಕಾಲಿಗೆ ಸೇರಿಸಿ ಸೀರೆಯಿಂದ ಸಡಿಲವಾಗಿ ಕಟ್ಟಿದೆ. ನಾಯಿಗೆ ಮಾಡುವುದನ್ನೇ ಮನುಷ್ಯರಿಗೆ ಮಾಡಿದೆ, ಅಷ್ಟೇ. ಅವರನ್ನು ಕರೆದೊಯ್ದ ಮೇಲೆ ಪಕ್ಕದವಳಿಗೆ ಎಲ್ಲ ಹೇಳಿದೆ. ಮಗ್ಗ ಆಡಿಸುತ್ತಿದ್ದದ್ದು ಆರು ವರ್ಷದ ಹಿಂದೆ ಸತ್ತವರಲ್ಲ, ಮೊದಲಿನಿಂದಲೂ ನಾಯಿಯೇ ಅಂತ. ನನಗೆ ಗೊತ್ತಿದ್ದೂ ಹೇಳದೆ ಹೋದೆ ಅಂತ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಉಂಡೆಯ ಕಾಲಿಗೆ ಹೊಲಿಗೆ ಹಾಕಿ ಕೇಂದ್ರದಲ್ಲಿ ಇಟ್ಟುಕೊಂಡೆವು. ರಾತ್ರಿ ಪಾಳಿಯವರು ದೂರು ಹೇಳಿದರು, ನಿದ್ದೆಯಲ್ಲೂ ಕಾಲು ಆಡಿಸುತ್ತೆ, ಪಂಜರದ ತಗಡು ಸದ್ದು ಮಾಡುತ್ತೆ ಅಂತ. ಡಾಕ್ಟರು ಫಾರಂ ಎದುರಿಗಿಟ್ಟುಕೊಂಡು, "ಇನ್ನು ಮೇಲೆ ಅರವತ್ತು ಅಂದರೆ ಅರವತ್ತೇ," ಅಂದರು. ನಾನು ಉಂಡೆಗೆ ಬೇರೆ ಮನೆ ಹುಡುಕತೊಡಗಿದೆ. ಮೆಟ್ಟೂರಿನ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ಒಬ್ಬರು ಉಂಡೆಯನ್ನು ಸಾಕುತ್ತೇವೆ ಅಂದರು. ಮೂವತ್ತೈದರ ದಂಪತಿ, ಅಂಗಳ ಇರುವ ಮನೆ, ಬದುಕಿರುವ ಎರಡನೇ ಹೆಸರು. ಈ ಸಲ ನಾನೇ ಹೋಗಿ ಮನೆ ನೋಡಿ ಬಂದೆ.

ಆಸ್ಪತ್ರೆಯಲ್ಲಿ ಅಜ್ಜಿಗೆ ಆಪರೇಷನ್ ಆಗಿತ್ತು. ವಿಷಯ ಹೇಳಿದೆ. ಗೋಡೆ ಕಡೆ ಮುಖ ಮಾಡಿಕೊಂಡರು. ಹಾಗೇ ಇದ್ದುಕೊಂಡು, "ಕಾಲು ವಾಸಿ ಆಯ್ತಾ ಅದ್ರದ್ದು?" ಅಂದರು. ಆಯಿತು ಅಂದೆ. "ಸರಿ ಮತ್ತೆ," ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ನಿಯಮದಂತೆ ನಡೆದಿದ್ದೆ, ಆದರೂ ಕಳ್ಳತನ ಮಾಡಿದ ಹಾಗಿತ್ತು.

ಮೆಟ್ಟೂರಿಗೆ ಹೊರಟ ದಿನ ಉಂಡೆಯ ಸೂಜಿ ಚೀಟಿ ಬೇಕಾಗಿತ್ತು. ಅದು ಅಜ್ಜಿಯ ಮನೆಯಲ್ಲಿತ್ತು, ಬೀಗದ ಕೈ ಪಕ್ಕದವಳ ಹತ್ತಿರ. ಪಂಜರವನ್ನು ಗಾಡಿಯಲ್ಲೇ ಬಿಟ್ಟು ಇಳಿದೆ. ಪಕ್ಕದವಳ ಮನೆಗೆ ಬೀಗ, ಅವಳ ಪವರ್‌ಲೂಮುಗಳೂ ನಿಂತಿದ್ದವು. ಅಜ್ಜಿಯ ಮನೆಯ ಬಾಗಿಲು ಒಂದಿಷ್ಟು ತೆರೆದಿತ್ತು.

ಒಳಗೆ ಮಗ್ಗ ಆಡುತ್ತಿತ್ತು.

ಅಜ್ಜಿ ಆಸ್ಪತ್ರೆಯಲ್ಲಿ. ನಾಯಿ ನನ್ನ ಗಾಡಿಯಲ್ಲಿ. ತಿರುಗಿ ನೋಡಿದೆ, ಉಂಡೆ ಪಂಜರದೊಳಗೆ ಎದ್ದು ನಿಂತಿತ್ತು, ಕಿವಿ ನೆಟ್ಟಗೆ, ಕಣ್ಣು ಆ ಬಾಗಿಲ ಮೇಲೆ. ಧಪ್. ಟಕ್. ಆಮೇಲೆ ನೂಲು ಒತ್ತುವ ಸದ್ದು. ಮೂರೂ ಕೇಳಿಸಿತು. ಅಜ್ಜಿಯ ಕೈಗಿಂತ ನಿಧಾನ, ತಡವರಿಸುವ ಕೈ, ಆರು ವರ್ಷದಿಂದ ಕೆಲಸ ಬಿಟ್ಟವರ ಹಾಗೆ. ಹಾರ ಹಾಕಿದ ಫೋಟೋ ನೆನಪಾಯಿತು. ಇಷ್ಟೆಲ್ಲ ಆದ ಮೇಲೂ ಬಾಗಿಲಿಗೆ ಕೈಯಿಡಲು ಹಿಂಜರಿದೆ.

ಬಾಗಿಲು ತಳ್ಳಿದೆ. ಪಕ್ಕದವಳು ಕುಣಿಯಲ್ಲಿ ಕಾಲಿಳಿಸಿ ಕೂತಿದ್ದಳು. ಮುಖದ ಮೇಲೆಲ್ಲ ಬೆವರು.

"ಮದ್ವೆಗೆ ಮುಂಚೆ ನೇಯ್ದಿದ್ದು. ಕೈಯೇ ಬರ್ತಾ ಇಲ್ಲ," ಅಂದಳು, ತಲೆಯೆತ್ತದೆ. "ಅತ್ತೆ ಪಾವು ಅರ್ಧಕ್ಕೆ ನಿಂತೈತೆ. ಕುಯ್ಯಕ್ಕಾಗಲ್ಲ. ದಿನಾ ಒಂದ್ ಒತ್ತು ಕುಂತ್ಕೋತೀನಿ."

"ಭಯ ಆಗಲ್ವಾ?"

"ಆಗ್ತೈತೆ. ಅದ್ಕೇ ಬಾಗ್ಲು ತೆಗ್ದಿಟ್ಟಿದ್ದು."

ನಾನು ಗಾಡಿಗೆ ಹೋಗಿ ಪಂಜರದ ಬಾಗಿಲು ತೆಗೆದೆ. ಯೋಚಿಸಿ ಮಾಡಿದ್ದಲ್ಲ ಅದು. ಉಂಡೆ ಒಂದೇ ಉಸಿರಿಗೆ ಒಳಗೋಡಿ ಕುಣಿಗೆ ಇಳಿಯಿತು. ಅವಳು ಕಾಲು ನಿಲ್ಲಿಸಲಿಲ್ಲ. ಮಗ್ಗ ಆಡುತ್ತಲೇ ಇತ್ತು, ಓಡಿಸುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಅವಳ ಪಾದದ ಪಕ್ಕ ಸುತ್ತಿಕೊಂಡು ಮಲಗಿತು. ಅಷ್ಟು ದಿನದಲ್ಲಿ ಮೊದಲ ಸಲ ಅದರ ಕಾಲು ಸುಮ್ಮನಿದ್ದದ್ದನ್ನು ನೋಡಿದೆ.

"ಆ ಎಳ್ಡನೇ ಎಸ್ರು ಕೇಳ್ತಿದ್ರಲ್ಲ," ಅಂದಳು ಅವಳು, ಲಾಳಿ ಓಡಿಸುತ್ತಾ. "ನಂದು ಬರ್ಕೊಳ್ಳಿ. ನನ್ನ ಯಾರೂ ಕೇಳ್ಲೇ ಇಲ್ಲ."

ಹೌದು, ಕೇಳಿರಲಿಲ್ಲ. ಅಜ್ಜಿಗೆ ಅಭಿಮಾನ, ನನಗೆ ನಿಯಮ. ನಾಯಿಯ ಮನೆಗೂ ಇವಳ ಮನೆಗೂ ನಡುವೆ ಒಂದೇ ಗೋಡೆ. ಮೆಟ್ಟೂರಿನವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ತಮಿಳಿನಲ್ಲಿ ಚೆನ್ನಾಗಿ ಬೈದರು. ಬೈಸಿಕೊಂಡೆ.

ಮುದುಕರಿಗೆ ಮರಿ ಕೊಡಬಹುದೇ ಅಂತ ಈಗ ಯಾರಾದರೂ ಕೇಳಿದರೆ ನಾನು ವಯಸ್ಸು ಕೇಳುವುದಿಲ್ಲ. ಗೋಡೆಯಾಚೆ ಯಾರಿದ್ದಾರೆ ಅಂತ ಕೇಳುತ್ತೇನೆ, ಹೋಗಿ ಅವರ ಜೊತೆ ಮಾತಾಡಿ ಬರುತ್ತೇನೆ. ಡಾಕ್ಟರು ಇನ್ನೂ ಪೂರ್ತಿ ಒಪ್ಪಿಲ್ಲ.

ಎರಡು ತಿಂಗಳ ಮೇಲೆ ಅಜ್ಜಿ ಮನೆಗೆ ಬಂದರು. ಕುಣಿಗೆ ಇಳಿಯುವ ಕಾಲ ಮುಗಿದಿತ್ತು. ಮಗ್ಗದ ಪಕ್ಕ ಕುರ್ಚಿ ಹಾಕಿಕೊಂಡು ರಾಟೆಯಲ್ಲಿ ಲಾಳಿಗೆ ನೂಲು ಸುತ್ತಿಕೊಡುತ್ತಾರೆ, ಪಕ್ಕದವಳು ಸಂಜೆ ಬಂದು ನೇಯುತ್ತಾಳೆ. ಅವಳು ಏಳುವಾಗ ತುಳಿಹಲಗೆಯ ಹಗ್ಗ ಬಿಚ್ಚಿ ಮೊಳೆಗೆ ಹಾಕುತ್ತಾಳೆ. ಹಗಲು ಗಂಟೆಗೊಮ್ಮೆ ಗೋಡೆಯಾಚೆಯಿಂದ "ಅತ್ತೇ" ಅಂತ ಕೂಗುತ್ತಾಳೆ. ಅಜ್ಜಿ ಓಗೊಡುವ ಮುಂಚೆ ಉಂಡೆ ಬೊಗಳುತ್ತದೆ.

ನಾನು ಫಾರಂ ತೆಗೆದು, ಗಂಡನ ಹೆಸರು ಹೊಡೆದು ಪಕ್ಕದವಳದು ಬರೆಯಲು ಹೋದೆ. ಅಜ್ಜಿ ನನ್ನ ಪೆನ್ನಿನ ಮೇಲೆ ಕೈಯಿಟ್ಟರು.

"ಒಡಿಬೇಡ. ಕೆಳಗೆ ಜಾಗ ಐತಲ್ಲ, ಅಲ್ಲಿ ಬರಿ."

"ಅವ್ವ, ಇದು ನಾಯಿ ನೋಡಿಕೊಳ್ಳುವವರ ಹೆಸರು."

"ಒಂದಿನ ಒಂದ್ ರಾತ್ರಿ ಬಿದ್ದಿದ್ನಲ್ಲ ಅಲ್ಲಿ," ಅಂದರು ಅಜ್ಜಿ, ಫೋಟೋ ನೋಡುತ್ತಾ. "ನಾಯಿ ಅಂತ ನಂಗೆ ಗೊತ್ತಿಲ್ವಾ? ಗೊತ್ತಿತ್ತು. ಆದ್ರೂ ನಡುರಾತ್ರೀಲಿ ಆ ಸದ್ದು ಕೇಳ್ತಾ, ಅವ್ರು ಕುಂತವ್ರೆ ಅನ್ಕೊಂಡೆ. ಅದ್ಕೇ ಬೆಳಗಾಗ್ಗಂಟ ಇದ್ದೆ."

ಹೆಸರನ್ನು ಹಾಗೇ ಬಿಟ್ಟೆ. ಅದರ ಕೆಳಗೆ ಪಕ್ಕದವಳದು ಬರೆದು, ರುಜು ಹಾಕಿಸಿಕೊಂಡು, ಕಡತಕ್ಕೆ ಸೇರಿಸಿದೆ.